ಮದುವೆಯಿಂದ ಕುಡಿದು ಬೈಕಲ್ಲಿ ಬರುವ ತಮ್ಮನನ್ನು ತಡೆಯುವುದು ಹೇಗೆ?

ನಮ್ಮ ಮನೆ ಅಮ್ಮತ್ತಿ ಹತ್ತಿರ. ವಿರಾಜಪೇಟೆಯಲ್ಲಿ ಮದುವೆ ಇದ್ದರೆ ತಮ್ಮ ಮೂರ್ನಾಲ್ಕು ಪೆಗ್ ಹಾಕಿ ರಾತ್ರಿ ಬೈಕಲ್ಲೇ ಬರುತ್ತಾನೆ. ಬೈದರೆ, "ಹುಟ್ಟಿದಾಗಿಂದ ನೋಡಿದ ರಸ್ತೆ, ಸುಮ್ನಿರು" ಅನ್ನುತ್ತಾನೆ. ನಿಮ್ಮ ಮನೆಗಳಲ್ಲಿ ಏನು ಮಾಡಿದಿರಿ?

ಸಿದ್ದಾಪುರ ಕಡೆಯಿಂದ:
ಅಕ್ಕಾ, ನಾನೂ ಅದೇ ಮಾತು ಹೇಳುತ್ತಿದ್ದವನು. ನಮ್ಮ ತೋಟದ ತಿರುವಿನಲ್ಲಿ ಆನೆ ದಾಟುತ್ತದೆ ಅಂತ ಊರಿಗೆಲ್ಲ ಗೊತ್ತು. ರಸ್ತೆಯಲ್ಲಿ ಲದ್ದಿ ಕಂಡರೆ ಗಾಡಿ ನಿಧಾನ ಮಾಡುತ್ತೇವೆ. ಹೆಡ್‌ಲೈಟಿಗೆ ಹಬೆಯಾಡುವುದು ಕಂಡರೆ ಆನೆ ಈಗಷ್ಟೇ ಹೋಗಿದೆ ಅಂತ ಅರ್ಥ, ಅಲ್ಲೇ ನಿಲ್ಲಿಸುತ್ತೇವೆ. ಆ ಹುತ್ತರಿ ರಾತ್ರಿ ನಾನು ಲದ್ದಿ ನೋಡಿದೆ, ಹಬೆಯನ್ನೂ ನೋಡಿದೆ. ಕೈ ಮಾತ್ರ ಬ್ರೇಕಿಗೆ ಹೋಗಲಿಲ್ಲ. ಮುಂದಿನ ಚಕ್ರ ಅದರ ಮೇಲೆ ಹತ್ತಿ ಜಾರಿತು. ಚರಂಡಿಯಲ್ಲಿ ಬಿದ್ದೆ, ಕಾಲ ಮೇಲೆ ಬೈಕು. ಬೇಲಿಯಾಚೆ ಕೊಂಬೆ ಮುರಿಯುವ ಸದ್ದು. ಉಸಿರು ಬಿಗಿಹಿಡಿದು ಹಾಗೇ ಮಲಗಿದ್ದೆ, ಕೂಗಲೂ ಧೈರ್ಯ ಬರಲಿಲ್ಲ. ಈಗಲೂ ಕಾಲಲ್ಲಿ ರಾಡ್ ಇದೆ. ಆ ವರ್ಷ ಕಾಫಿ ಕೊಯ್ಲಿಗೆ ನನ್ನ ಬದಲು ಅಪ್ಪ ತೋಟಕ್ಕಿಳಿದರು, 68ನೇ ವಯಸ್ಸಿನಲ್ಲಿ. ಅದನ್ನು ಮಂಚದ ಮೇಲೆ ಮಲಗಿ ನೋಡಿದ್ದು ಕಾಲುನೋವಿಗಿಂತ ಜಾಸ್ತಿ ನೋಯಿಸಿತು.

ರಸ್ತೆ ಗೊತ್ತಿರಬಹುದು ಅಕ್ಕಾ. ಆದರೆ ಮಂಜು, ಆನೆ, ಲೈಟಿಲ್ಲದೆ ನಿಂತ ಟ್ರ್ಯಾಕ್ಟರ್ ದಿನಾ ಒಂದೇ ಜಾಗದಲ್ಲಿ ಇರುತ್ತವಾ? ತಮ್ಮನಿಗೆ ಇದನ್ನು ಓದಿ ಹೇಳಿ.

ಸುಂಟಿಕೊಪ್ಪದಿಂದ:
ಕುಡಿದ ಮೇಲೆ ಕೀ ಕೇಳಬೇಡಿ, ಜಗಳವೇ ಆಗುತ್ತದೆ. ನಾವು ಮನೆಯಿಂದ ಹೊರಡುವಾಗಲೇ ಬೈಕ್ ಶೆಡ್ಡಿಗೆ ಹಾಕಿಸುತ್ತೇವೆ. ಎಲ್ಲರೂ ಜೀಪಲ್ಲಿ ಹೋಗುವುದು, ಓಡಿಸುವವರು ಅವತ್ತು ಗ್ಲಾಸ್ ಮುಟ್ಟುವಂತಿಲ್ಲ. ಇಲ್ಲದಿದ್ದರೆ ನೆಂಟರ ಮನೆಯಲ್ಲೇ ಹಾಸಿಗೆ. ಬೆಲ್ಲದ ಕರಿ ಕಾಫಿ ಕುಡಿದರೆ ಇಳಿಯುತ್ತದೆ ಅನ್ನುವ ಮಾತು ನಂಬಲೇಬೇಡಿ. ನಿದ್ದೆ ಸ್ವಲ್ಪ ಹೋಗಬಹುದು, ಅಮಲು ಹೋಗುವುದಿಲ್ಲ. 60 ಮಿ.ಲೀ. ಪೆಗ್ ಒಂದು ಕರಗಲು ಸುಮಾರು 2 ಗಂಟೆ ಬೇಕು. ಮಧ್ಯರಾತ್ರಿವರೆಗೆ ನಾಲ್ಕು ಹಾಕಿದವನು ಬೆಳಗ್ಗೆ 5ಕ್ಕೆ ಹೊರಟರೂ ಮೈಯಲ್ಲಿ ಇನ್ನೂ ಉಳಿದಿರಬಹುದು.

ಮಡಿಕೇರಿಯಿಂದ:
ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಅದು ಮೀರಿದರೆ, 2019ರ ತಿದ್ದುಪಡಿಯ ಪ್ರಕಾರ ಮೊದಲ ಸಲಕ್ಕೇ 10,000 ರೂ. ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಕುಡಿದು ಓಡಿಸಿ ಬೈಕ್ ನಜ್ಜುಗುಜ್ಜಾದರೆ ಅದರ ರಿಪೇರಿಗೆ ಇನ್ಶೂರೆನ್ಸ್ ದುಡ್ಡೂ ಸಿಗುವುದಿಲ್ಲ.

ಕೇಳಿದವರು:
ಸಿದ್ದಾಪುರದ ಅಣ್ಣ ಬರೆದದ್ದನ್ನು ಓದಿ ಹೇಳಿದೆ. ಏನೂ ಮಾತಾಡದೆ ಎದ್ದು ಹೋದ. ಭಾನುವಾರ ಗೋಣಿಕೊಪ್ಪದಲ್ಲಿ ಮದುವೆ ಇದೆ. ಜೀಪಲ್ಲಿ ಅವನಿಗೂ ಜಾಗ ಇಟ್ಟಿದ್ದೇನೆ.