ಕೆಲಸ ಹೋದ ಮೇಲೆ ಎರಡು ಆಫರ್: ನರಸಾಪುರದ ಕಾಂಟ್ರಾಕ್ಟ್ ಒಳ್ಳೆಯದಾ, ಪೀಣ್ಯದ ಕಂಪನಿ ರೋಲಾ?

ಲಗ್ಗೆರೆ_ಸೆಟ್ಟರ್ (ಜನವರಿ 2025)

ಎಲ್ಲರಿಗೂ ನಮಸ್ಕಾರ. ನಾನು ಸಿಎನ್‌ಸಿ ಸೆಟ್ಟರ್, ಅಂದರೆ ಕಂಪ್ಯೂಟರ್‌ನಿಂದ ನಡೆಯುವ ಲೋಹ ಕೊರೆಯುವ ಮೆಷಿನ್‌ಗಳನ್ನು ಕೆಲಸಕ್ಕೆ ಹೊಂದಿಸುವವನು. ಐಟಿಐ ಟರ್ನರ್ ಮಾಡಿ ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಇದ್ದೆ. ಎಕ್ಸ್‌ಪೋರ್ಟ್ ಆರ್ಡರ್ ಇಲ್ಲ ಅಂತ ಡಿಸೆಂಬರ್ ಕೊನೆಗೆ ರಾತ್ರಿ ಶಿಫ್ಟನ್ನೇ ತೆಗೆದರು, ಅದರಲ್ಲಿ ನಾನೂ ಹೋದೆ. ಸೆಟಲ್‌ಮೆಂಟ್ ಇನ್ನೂ ಕೈಗೆ ಬಂದಿಲ್ಲ.

ಈಗ ಎರಡು ಕಡೆ ಕರೆದಿದ್ದಾರೆ. ಒಂದು ಹೊಸಕೋಟೆ ಆಚೆಯ ನರಸಾಪುರದಲ್ಲಿ, ದೊಡ್ಡ ಫ್ಯಾಕ್ಟರಿ, ಆದರೆ ಕಾಂಟ್ರಾಕ್ಟರ್ ಮೂಲಕ. 26,000 ಅಂದಿದ್ದಾರೆ. ಹನ್ನೊಂದು ತಿಂಗಳಿಗೆ ಲೆಟರ್, ಆಮೇಲೆ ರಿನ್ಯೂವಲ್ 'ಆಗೇ ಆಗುತ್ತೆ' ಅಂತಾರೆ. ಮೂರು ಶಿಫ್ಟ್, ಕ್ಯಾಂಟೀನ್ ಇದೆ, ಬಸ್ಸು ಕೆ.ಆರ್. ಪುರದಿಂದ.

ಇನ್ನೊಂದು ಪೀಣ್ಯದಲ್ಲೇ, ಮೂವತ್ತು ಜನ ಇರುವ ಜಾಬ್‌ವರ್ಕ್ ಶಾಪ್ (ಬೇರೆ ಕಂಪನಿಗಳಿಗೆ ಪಾರ್ಟ್ ಮಾಡಿಕೊಡುವುದು). 20,500, ಕಂಪನಿ ರೋಲ್ (ಕಂಪನಿಯದೇ ನೌಕರ), ಪಿಎಫ್, ಇಎಸ್‌ಐ (ಕಾರ್ಮಿಕರಿಗೆ ಸರ್ಕಾರ ನಡೆಸುವ ಆರೋಗ್ಯ ವಿಮೆ) ಎರಡೂ ಇದೆ. ಮನೆಯಿಂದ ಬೈಕಿನಲ್ಲಿ ಹತ್ತು ನಿಮಿಷ. ಹೊಸದಾಗಿ ಫೈವ್ ಆಕ್ಸಿಸ್ (ಐದು ಅಕ್ಷಗಳಲ್ಲಿ ಚಲಿಸಿ ಕೊರೆಯುವ) ಮೆಷಿನ್ ತಂದಿದ್ದಾರೆ, ಅದರ ಮೇಲೆ ಹಾಕುತ್ತೇನೆ ಅಂತ ಓನರ್ ಹೇಳಿದರು.

ಅಮ್ಮನಿಗೆ ಶುಗರ್ ಇದೆ, ಹಾರ್ಟಿಗೂ ಮಾತ್ರೆ ತಗೊಳ್ಳುತ್ತಾರೆ, ಎಲ್ಲಾ ರಾಜಾಜಿನಗರ ಇಎಸ್‌ಐ ಆಸ್ಪತ್ರೆಯಲ್ಲೇ. ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಮಗಳು ಮೂರನೇ ಕ್ಲಾಸು. ನಮ್ಮ ಮಾವ 'ದೊಡ್ಡ ಕಂಪನಿ ಬಿಡಬೇಡಿ' ಅಂತ ದಿನಾ ಫೋನ್ ಮಾಡುತ್ತಾರೆ. ಐದೂವರೆ ಸಾವಿರ ಜಾಸ್ತಿ ಅಂದರೆ ಸುಮ್ನೆ ಅಲ್ವಲ್ಲ. ಬುಧವಾರದೊಳಗೆ ಹೇಳಬೇಕು, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಪೇರೋಲ್_ಅಕ್ಕ

ತಮ್ಮಾ, ಮೊದಲು ಆ 26,000 ಅನ್ನೋದು ಗ್ರಾಸಾ (ಕಡಿತಕ್ಕೆ ಮುಂಚಿನ ಸಂಬಳ), ಸಿಟಿಸಿನಾ (ನಿನಗಾಗಿ ಕಂಪನಿಗೆ ಬೀಳುವ ಒಟ್ಟು ಖರ್ಚು) ಅಂತ ಕೇಳು. ಕಾಂಟ್ರಾಕ್ಟರ್‌ಗಳು ಹೇಳುವ ಅಂಕಿಯಲ್ಲಿ ಎಷ್ಟೋ ಸಲ ಕಂಪನಿ ಕಟ್ಟುವ ಪಿಎಫ್ ಪಾಲೂ ಸೇರಿರುತ್ತೆ. ಗ್ರಾಸ್ ಅಂತಲೇ ಇಟ್ಟುಕೋ. ಪಿಎಫ್ 1,800, ಪ್ರೊಫೆಷನಲ್ ಟ್ಯಾಕ್ಸ್ 200 ಹೋಗಿ ಕೈಗೆ 24,000. ಪೀಣ್ಯದ್ದರಲ್ಲಿ ಪಿಎಫ್ 1,800, ಇಎಸ್‌ಐ ಮುಕ್ಕಾಲು ಪರ್ಸೆಂಟ್ ಅಂದರೆ 154 ರೂಪಾಯಿ. 25,000ಕ್ಕಿಂತ ಕಡಿಮೆ ಇರುವುದರಿಂದ ಪ್ರೊಫೆಷನಲ್ ಟ್ಯಾಕ್ಸ್ ಇಲ್ಲ. ಕೈಗೆ ಸುಮಾರು 18,500.

ಆದರೆ ಓಟಿ (ಓವರ್‌ಟೈಮ್) ಎಷ್ಟು ಸಿಗುತ್ತೆ ಅಂತ ನೀನು ಬರೆದೇ ಇಲ್ಲ. ಕಾನೂನಿನಲ್ಲಿ ಓಟಿ ಡಬಲ್. 20,500ನ್ನು 26 ದಿನಕ್ಕೆ ಭಾಗಿಸಿ, ಎಂಟು ಗಂಟೆಗೆ ಭಾಗಿಸಿ, ಎರಡರಿಂದ ಗುಣಿಸಿದರೆ ಗಂಟೆಗೆ 197 ರೂಪಾಯಿ ಹತ್ತಿರ. ತಿಂಗಳಿಗೆ 25 ಗಂಟೆ ಸಿಕ್ಕರೆ ನಿನ್ನ ಐದೂವರೆ ಸಾವಿರದ ವ್ಯತ್ಯಾಸ ಹೆಚ್ಚುಕಮ್ಮಿ ಮುಗಿಯಿತು. ಸಣ್ಣ ಶಾಪಿನವರು ಸಿಂಗಲ್ ಕೊಟ್ಟು ಕೈತೊಳೆದುಕೊಳ್ಳುವುದೂ ಉಂಟು, ಅದಕ್ಕೇ ಬಾಯಿಬಿಟ್ಟು ಕೇಳು.

ಇಎಸ್‌ಐಗೆ ಸಂಬಳದ ಮಿತಿ ತಿಂಗಳಿಗೆ 21,000. 26,000ಕ್ಕೆ ಹೋದರೆ ನೀನು ಹೊರಗೆ. ಅವರ ಗ್ರೂಪ್ ಇನ್ಶೂರೆನ್ಸ್‌ನಲ್ಲಿ ತಾಯಿ ಸೇರುತ್ತಾರಾ ಅಂತ ಕೇಳಿದೆಯಾ?

ಹೊಸಕೋಟೆ_ಕಡೆಯವ

ನಾನು ಆ ಕಡೆಯೇ ಕಾಂಟ್ರಾಕ್ಟ್‌ನಲ್ಲಿ ಇದ್ದೀನಿ. ಸಂಬಳ ಟೈಮಿಗೆ ಬರುತ್ತೆ, ಊಟ ಚೆನ್ನಾಗಿದೆ, ಸುಳ್ಳು ಹೇಳಲ್ಲ. ಆದರೆ ಲಗ್ಗೆರೆಯಿಂದ ಬರ್ತೀನಿ ಅನ್ನೋದು ಆಗದ ಮಾತು ಗುರು. ಫಸ್ಟ್ ಶಿಫ್ಟ್ ಆರಕ್ಕೆ. ಪೀಣ್ಯದಲ್ಲಿ ಮೊದಲ ಮೆಟ್ರೋ ಹಿಡಿದು, ಮೆಜೆಸ್ಟಿಕ್‌ನಲ್ಲಿ ಪರ್ಪಲ್ ಲೈನ್‌ಗೆ ಬದಲಾಯಿಸಿ ಕೆ.ಆರ್. ಪುರಕ್ಕೆ ಬರುವಷ್ಟರಲ್ಲಿ ಬಸ್ಸು ಹೊಸಕೋಟೆ ದಾಟಿರುತ್ತೆ. ನಮ್ಮ ರೂಮಿನಲ್ಲೇ ಯಶವಂತಪುರದ ಹುಡುಗ ಒಬ್ಬ ಇದ್ದಾನೆ, ವಾರಕ್ಕೊಮ್ಮೆ ಮನೆಗೆ ಹೋಗ್ತಾನೆ, ಬಾಡಿಗೆ ಮತ್ತು ಓಡಾಟಕ್ಕೇ ನಾಲ್ಕು ಸಾವಿರ ಎತ್ತಿಡ್ತಾನೆ. ಕುಟುಂಬ ಸಮೇತ ಈ ಕಡೆ ಬರೋದಾದ್ರೆ ಮಾತು ಬೇರೆ, ಹೆಂಡತಿ ಕೆಲಸ ಬಿಡಬೇಕಾಗುತ್ತೆ.

ರಿನ್ಯೂವಲ್ ಬಗ್ಗೆ: ಆರ್ಡರ್ ಇದ್ದಾಗ ಆಗುತ್ತೆ. ಇಲ್ಲದಾಗ ಮೊದಲು ಗೇಟ್ ಪಾಸ್ ವಾಪಸ್ ಕೇಳೋದು ನಮ್ಮನ್ನೇ. ನಾನು ಮದುವೆಯಾಗಿಲ್ಲ, ನಡೆಯುತ್ತೆ.

ಒಂದು ಮಾತು ಮಾತ್ರ ಅಕ್ಕನಿಗೆ ಎದುರು ಹೇಳ್ತೀನಿ. 20,500ಕ್ಕೆ ಸೇರಿದರೆ ಇಎಸ್‌ಐ ಎಷ್ಟು ದಿನ ಇರುತ್ತೆ? ಮುಂದಿನ ವರ್ಷ ಸಾವಿರ ರೂಪಾಯಿ ಇನ್‌ಕ್ರಿಮೆಂಟ್ ಕೊಟ್ಟರೆ 21,000 ದಾಟಿತು, ಅಲ್ವಾ?

ಟೂಲ್‌ರೂಮ್_ಮಾಮ

ಹೊಸಕೋಟೆಯವರು ಹೇಳಿದ್ದು ಸರಿ. ನನಗೆ ಶಾಪಿನ ಬಗ್ಗೆಯೇ ಅನುಮಾನ ಜಾಸ್ತಿ. ಹೊಸ ಮೆಷಿನ್ ಅಂದರೆ ಬ್ಯಾಂಕ್ ಸಾಲ, ಸಾಲ ಇದ್ದ ಕಡೆ ಮೊದಲು ತಡವಾಗೋದು ಸಂಬಳ. ಆ ಶಾಪಿನ ಪಿಎಫ್ ಹೇಗಿದೆ ಅಂತ ಮನೆಯಲ್ಲೇ ಕೂತು ನೋಡಬಹುದು. ಇಪಿಎಫ್‌ಒ ವೆಬ್‌ಸೈಟಿನಲ್ಲಿ ಎಸ್ಟಾಬ್ಲಿಷ್‌ಮೆಂಟ್ ಸರ್ಚ್ ಅಂತ ಇದೆ, ಕಂಪನಿ ಹೆಸರು ಹಾಕಿ. ಯಾವ ತಿಂಗಳ ಹಣ ಯಾವ ತಾರೀಕು ಕಟ್ಟಿದ್ದಾರೆ, ಎಷ್ಟು ಜನರಿಗೆ ಕಟ್ಟಿದ್ದಾರೆ, ಎಲ್ಲಾ ಬರುತ್ತೆ. ಪ್ರತಿ ತಿಂಗಳು 15ರೊಳಗೆ ಕಟ್ಟಿದ್ದರೆ ಒಳ್ಳೆ ಮನೆ. ಮೂವತ್ತು ಜನ ಅಂದವರು ಹನ್ನೆರಡು ಜನರಿಗೆ ಕಟ್ಟುತ್ತಿದ್ದರೆ ಕೇಳಬೇಕಾದ್ದು ಕೇಳಿ. ಆ ಕಾಂಟ್ರಾಕ್ಟರ್ ಹೆಸರನ್ನೂ ಹಾಗೇ ಹಾಕಿ ನೋಡಿ.

ಅದು ಸರಿಯಿದ್ದರೆ ನನ್ನ ಓಟು ಪೀಣ್ಯಕ್ಕೆ, ಕಾರಣ ಆ ಮೆಷಿನ್. ದೊಡ್ಡ ಫ್ಯಾಕ್ಟರಿಯ ಲೈನಿನಲ್ಲಿ ಬಟನ್ ಒತ್ತಿ ಪಾರ್ಟ್ ಬದಲಾಯಿಸುವ ಕೆಲಸಕ್ಕೆ ಹಾಕಿದರೆ ನಿಮ್ಮ ಸೆಟ್ಟಿಂಗ್ ಕೈ ವರ್ಷದಲ್ಲಿ ಮರೆತುಹೋಗುತ್ತೆ. ಫೈವ್ ಆಕ್ಸಿಸ್‌ನಲ್ಲಿ ಎರಡು ವರ್ಷ ಪ್ರೋಗ್ರಾಂ ತಿದ್ದಿ, ಫಿಕ್ಸ್ಚರ್ ಕಟ್ಟಿ ಕಲಿತವನಿಗೆ ಪೀಣ್ಯ, ಬೊಮ್ಮಸಂದ್ರ, ಜಿಗಣಿ ಎಲ್ಲಾ ಕಡೆ ಕೆಲಸ ಸಿಗುತ್ತೆ. ಆದರೆ 'ಹಾಕುತ್ತೇನೆ' ಅಂದರೆ ಸಾಲದು. ಈಗ ಅದನ್ನು ಯಾರು ನಡೆಸುತ್ತಿದ್ದಾರೆ, ಅವನ ಜೊತೆ ಯಾವಾಗಿಂದ ನಿಲ್ಲಿಸುತ್ತೀರಿ ಅಂತ ಕೇಳಿ. ಶಾಪ್ ಒಳಗೆ ಒಂದು ಸುತ್ತು ಹಾಕಿ. ಮೆಷಿನ್ ಮೇಲೆ ಪ್ಲಾಸ್ಟಿಕ್ ಕವರ್ ಇನ್ನೂ ಹಾಗೇ ಇದ್ದರೆ ಅರ್ಥ ಮಾಡಿಕೊಳ್ಳಿ.

ಲಗ್ಗೆರೆ_ಸೆಟ್ಟರ್

ಎಲ್ಲರಿಗೂ ಥ್ಯಾಂಕ್ಸ್. ಇನ್ಶೂರೆನ್ಸ್ ಕೇಳಿದೆ ಅಕ್ಕ, ನನಗೆ, ಹೆಂಡತಿಗೆ, ಮಗಳಿಗೆ ಮಾತ್ರವಂತೆ. ಪಿಎಫ್ ಸೈಟ್ ನೋಡಿದೆ. ಶಾಪಿನವರು 27 ಜನರಿಗೆ ಕಟ್ಟುತ್ತಿದ್ದಾರೆ, ಒಂದು ತಿಂಗಳು ಬಿಟ್ಟರೆ ಎಲ್ಲಾ ಟೈಮಿಗಿದೆ. ಹೆಂಡತಿಗೆ ಗಾರ್ಮೆಂಟ್ಸ್ ಕಡೆಯಿಂದ ಇಎಸ್‌ಐ ಇದೆಯಲ್ಲ, ಅಮ್ಮನ ಹೆಸರು ಅವಳ ಕಾರ್ಡಿಗೆ ಸೇರಿಸಿದರೆ ನಾನು ನರಸಾಪುರಕ್ಕೆ ಹೋದರೂ ನಡೆಯುತ್ತಲ್ವಾ? ಇನ್ನೊಂದು, ಹಳೆ ಕಂಪನಿಯವರು ರಾಜೀನಾಮೆ ಬರೆದುಕೊಡಿ, ಸೆಟಲ್‌ಮೆಂಟ್ ಬೇಗ ಆಗುತ್ತೆ ಅಂತಿದ್ದಾರೆ.

ಪೇರೋಲ್_ಅಕ್ಕ

ಬರೆದುಕೊಡಬೇಡ! ಅವರೇ ತೆಗೆದಿದ್ದು ಅಂತಾದರೆ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಪರಿಹಾರ ಕೊಡಬೇಕು. ರಾಜೀನಾಮೆ ಕೊಟ್ಟರೆ ಅದು ಹೋಯಿತು. ಗ್ರಾಚ್ಯುಟಿ ಹೇಗಿದ್ದರೂ ನಿನ್ನದು, ಬೇಸಿಕ್ ಮತ್ತು ಡಿಎ 15,000 ಅಂತಿದ್ದರೆ ಒಂಬತ್ತು ವರ್ಷಕ್ಕೆ 77,900 ಹತ್ತಿರ. 30 ದಿನದೊಳಗೆ ಕೊಡಬೇಕು. ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ಹೋಗು.

ಈಗಿನ (ಜನವರಿ 2025ರ) ನಿಯಮದಲ್ಲಿ ಹೆಂಡತಿ ಕಾರ್ಡಿಗೆ ಅವಳ ಅಪ್ಪ ಅಮ್ಮ ಸೇರುತ್ತಾರೆ, ಅತ್ತೆ ಸೇರಲ್ಲ. ನೀನು, ಮಗಳು ಸೇರಬಹುದು. ಹಾಗಾಗಿ ಸದ್ಯಕ್ಕೆ ತಾಯಿಗೆ ದಾರಿ ನಿನ್ನ ಕಾರ್ಡೊಂದೇ. ಗಾಬರಿ ಬೇಡ, ಹೋದ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ್ದಕ್ಕೆ ಈ ಜೂನ್‌ವರೆಗೆ ಚಿಕಿತ್ಸೆ ಸಿಗುತ್ತೆ.

ಹೊಸಕೋಟೆಯವರ ಪ್ರಶ್ನೆ ಸರಿಯಾದ್ದೇ. ಓಟಿ ಹಣ ಆ 21,000ದ ಮಿತಿಗೆ ಲೆಕ್ಕಕ್ಕಿಲ್ಲ, ಆದರೆ ಇನ್‌ಕ್ರಿಮೆಂಟ್ ಲೆಕ್ಕಕ್ಕಿದೆ. ಮಧ್ಯದಲ್ಲಿ ಮಿತಿ ದಾಟಿದರೂ ಆ ಆರು ತಿಂಗಳ ಕಂತು ಮುಗಿಯುವವರೆಗೆ ಇರುತ್ತೀಯ, ಆಮೇಲೆ ಇಲ್ಲ. ಅದಕ್ಕೇ ಪೀಣ್ಯಕ್ಕೆ ಹೋದರೂ ಗ್ರಾಚ್ಯುಟಿ ದುಡ್ಡಿನಲ್ಲಿ ತಾಯಿ ಹೆಸರಿಗೆ ಒಂದು ಹೆಲ್ತ್ ಪಾಲಿಸಿ ಈಗಲೇ ಮಾಡಿಸು. ಶುಗರ್, ಹಾರ್ಟ್ ಎರಡನ್ನೂ ಮುಚ್ಚಿಡದೆ ಬರೆಸು. ಕೆಲವು ಕಂಪನಿ ಒಪ್ಪಲ್ಲ, ಇನ್ನೊಂದನ್ನು ಕೇಳು. ಹಳೆ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಆ ಕಾಯುವ ಕಾಲ ಆದಷ್ಟು ಇಎಸ್‌ಐ ಇರುವಾಗಲೇ ಕಳೆಯಲಿ.

ಲಗ್ಗೆರೆ_ಸೆಟ್ಟರ್

ಸರಿ ಅಕ್ಕ. ನಾಳೆ ಬೆಳಿಗ್ಗೆ ಶಾಪಿಗೆ ಹೋಗಿ ಓಟಿ ರೇಟು, ಮೆಷಿನ್ ಎರಡೂ ಕೇಳಿಕೊಂಡು ಬರುತ್ತೇನೆ. ಓಟಿ ಸಿಂಗಲ್ ಅಂದರೆ 20,900 ಕೇಳಲಾ? ಮಿತಿಯೂ ದಾಟಲ್ಲ.

ಟೂಲ್‌ರೂಮ್_ಮಾಮ

ಕೇಳಿ, ಆದರೆ ಡಬಲ್ ಓಟಿ ಬಿಟ್ಟುಕೊಟ್ಟು ನಾನೂರು ರೂಪಾಯಿ ತಗೋಬೇಡಿ. ಎರಡನ್ನೂ ಕೇಳಿ. ಲೆಟರ್ ಕೈಗೆ ಬರುವವರೆಗೆ ನರಸಾಪುರದವರಿಗೆ ಇಲ್ಲ ಅನ್ನಬೇಡಿ.