ಸಹಾಯ ಬೇಕು: ಮೀನಿನ ಲಾರಿಯ ವೈರಿಂಗ್

ನಮ್ಮದೊಂದು ಹಳೆ ಟಾಟಾ 1613 ಉಂಟು, ಮಲ್ಪೆಯಿಂದ ಮೀನು ಸಾಗಿಸುವುದು. ಐಸಿನ ಉಪ್ಪುನೀರು ಸೋರಿ ಸೋರಿ ಹಿಂದಿನ ಲೈಟಿನ ಕನೆಕ್ಟರುಗಳೆಲ್ಲ ಹಸಿರು ಹಿಡಿದಿವೆ. ನಿನ್ನೆ ಒಂದು ವೈರಿನ ಸಿಪ್ಪೆ ಸುಲಿದರೆ ಒಳಗಿನ ತಾಮ್ರ ಗೇಣುದ್ದ ಕಪ್ಪು, ಮುಟ್ಟಿದರೆ ಪುಡಿ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತದೆ ಮಾರಾಯ್ರೆ! ಅರ್ತಿಂಗ್ ಹೋಗಿದೆ, ಅದು ಗೊತ್ತು. ಟೇಪ್ ಸುತ್ತಿ ಕಳಿಸುವವರ ಸಹವಾಸ ಸಾಕಾಗಿದೆ.

ಈ ಸಲ ತವರ ಲೇಪಿಸಿದ ತಾಮ್ರದ ವೈರು, ರಬ್ಬರ್ ಸೀಲಿನ ಕನೆಕ್ಟರು ಹಾಕಿಸುವ ಯೋಚನೆ. ಹೆಡ್‌ಲೈಟಿಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು) ಸಹ. 24 ವೋಲ್ಟಿನಲ್ಲಿ 75 ವಾಟಿನ ಎರಡು ಬಲ್ಬಿಗೇ ಆರು ಆಂಪಿಯರ್ ದಾಟುತ್ತದೆ. ಅಷ್ಟನ್ನೂ ಆ ಮುದಿ ಸ್ವಿಚ್ಚಿನ ತಲೆಗೆ ಕಟ್ಟುವುದು ಬೇಡ.

ಉಡುಪಿ, ಮಂಗಳೂರು ಕಡೆ ಇದನ್ನು ನೀಟಾಗಿ ಮಾಡುವ ಆಟೋ ಎಲೆಕ್ಟ್ರಿಷಿಯನ್ ಯಾರಾದರೂ ಇದ್ದಾರಾ? ಸೀಲ್ ಕನೆಕ್ಟರು ಬಿಡಿಯಾಗಿ ಎಲ್ಲಿ ಸಿಗುತ್ತದೆ? ಜೂನ್ 1ರಿಂದ ಮೀನುಗಾರಿಕೆಗೆ ರಜೆ, ಲಾರಿ ಖಾಲಿ ನಿಲ್ಲುತ್ತದೆ. ಆಗ ಮಾಡಿಸಬೇಕು.