ಅಮೆಚೂರ್‌ನಿಂದ ವೃತ್ತಿಪರ ಬಾಕ್ಸಿಂಗಿಗೆ: ತಮ್ಮನಿಗೆ ಈಗಲೇ ಒಪ್ಪಿಗೆ ಕೊಡಬಹುದೇ?

ಪ್ರಶ್ನೆ (ಮದ್ದೂರು)

ನನ್ನ ತಮ್ಮನಿಗೆ ಈಗ ಇಪ್ಪತ್ತೊಂದು ವರ್ಷ. ಮಂಡ್ಯದಲ್ಲಿ ಪದವಿ ಓದುತ್ತಲೇ ಮೈಸೂರಿಗೆ ಹೋಗಿ ಬಾಕ್ಸಿಂಗ್ ಅಭ್ಯಾಸ ಮಾಡುತ್ತಾನೆ. 60 ಕೆ.ಜಿ. ವಿಭಾಗದಲ್ಲಿ ರಾಜ್ಯಮಟ್ಟದ ಪದಕವೂ ಬಂದಿದೆ. ಈಚೆಗೆ ವೃತ್ತಿಪರ ಪಂದ್ಯಗಳನ್ನು ಏರ್ಪಡಿಸುವವರೊಬ್ಬರು ಅವನಿಗೆ ಐದು ವರ್ಷಗಳ ಕರಾರುಪತ್ರ ಕೊಟ್ಟಿದ್ದಾರೆ. ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ವಿಜೇಂದರ್ ಸಿಂಗ್ 2015ರಲ್ಲಿ ವೃತ್ತಿಪರರಾದದ್ದನ್ನು ಹೇಳಿ ಅವನು ಹಟ ಹಿಡಿದಿದ್ದಾನೆ. ಅಪ್ಪನಿಗೆ ಅವನು ಕ್ರೀಡಾ ಕೋಟಾದಲ್ಲಿ ರೈಲ್ವೆಯನ್ನೋ ಸೇನೆಯನ್ನೋ ಸೇರಲೆಂಬ ಆಸೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ (ಮೈಸೂರು, ತರಬೇತುದಾರ)

ವೃತ್ತಿಪರ ಪಂದ್ಯಗಳಲ್ಲಿ ತಲೆಗವಚ ಇಲ್ಲದಿರುವುದೇ ದೊಡ್ಡ ವ್ಯತ್ಯಾಸವೆಂದು ಮನೆಯವರು ಹೆದರುವುದುಂಟು. ಆದರೆ ಪುರುಷರ ಉನ್ನತ ಮಟ್ಟದ ಅಮೆಚೂರ್ (ಒಲಿಂಪಿಕ್ಸ್ ಮಾದರಿಯ ಹವ್ಯಾಸಿ) ಪಂದ್ಯಗಳಲ್ಲೂ ಅದನ್ನು 2013ರಲ್ಲೇ ಕೈಬಿಡಲಾಗಿದೆ. ನಿಜವಾದ ವ್ಯತ್ಯಾಸವಿರುವುದು ಸುತ್ತುಗಳಲ್ಲಿ. ಅಮೆಚೂರ್ ಪಂದ್ಯವೆಂದರೆ ಮೂರು ನಿಮಿಷಗಳ ಮೂರು ಸುತ್ತು. ವೃತ್ತಿಪರರು ನಾಲ್ಕು ಸುತ್ತಿನಿಂದ ಆರಂಭಿಸಿ ಆರು, ಎಂಟು, ಹತ್ತು ಎಂದು ಏರುತ್ತಾರೆ. ಪ್ರಮುಖ ಪ್ರಶಸ್ತಿ ಪಂದ್ಯಗಳಿಗೆ ಹನ್ನೆರಡು. ನಿಮ್ಮ ತಮ್ಮನ ತೂಕದಲ್ಲಿ ಗ್ಲೌಸ್ ಕೂಡ 10 ಔನ್ಸ್‌ನಿಂದ 8ಕ್ಕೆ ಇಳಿಯುತ್ತದೆ, ಪೆಟ್ಟು ಹೆಚ್ಚು ನಾಟುತ್ತದೆ.

ಮೂರು ಸುತ್ತಿಗೆ ಪಳಗಿದ ಹುಡುಗರನ್ನು ಆರು ಸುತ್ತಿನ ಸ್ಪಾರಿಂಗ್‌ಗೆ (ಅಭ್ಯಾಸದ ಕಾದಾಟಕ್ಕೆ) ನಿಲ್ಲಿಸಿದಾಗ, ನಾಲ್ಕನೆಯ ಸುತ್ತಿನ ನಡುವೆ ಜಾಬ್ (ಮುಂಗೈಯ ನೇರ ಪೆಟ್ಟು) ಹೊಡೆದ ಕೈ ಗಲ್ಲದ ಬಳಿಗೆ ಮರಳದೆ ಎದೆಯ ಮಟ್ಟದಲ್ಲೇ ಉಳಿಯತೊಡಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಓಡಿ ಹತ್ತುವ ದಮ್ಮು ಬೇರೆ, ಪಕ್ಕೆಗೆ ಪೆಟ್ಟು ತಿನ್ನುತ್ತ ಉಳಿಸಿಕೊಳ್ಳುವ ದಮ್ಮು ಬೇರೆ. ಎರಡು ಒಲಿಂಪಿಕ್ ಚಿನ್ನ ಗೆದ್ದಿದ್ದ ಉಕ್ರೇನ್‌ನ ವಾಸಿಲ್ ಲೊಮಚೆಂಕೊ ಅಂಥವರೇ 2014ರಲ್ಲಿ ತಮ್ಮ ಎರಡನೆಯ ವೃತ್ತಿಪರ ಪಂದ್ಯದಲ್ಲಿ ಓರ್ಲಾಂಡೊ ಸಾಲಿಡೊಗೆ ಸೋತರು. ಹಳೆಯ ಹುಲಿ ಸಾಲಿಡೊ ಮೈಮೇಲೆ ಬಿದ್ದು, ಹೊಟ್ಟೆಗೆ ಹೊಡೆದು, ಹಿಡಿದು ಜಗ್ಗಿ ಹನ್ನೆರಡು ಸುತ್ತು ಕಾಡಿದರು. ಈ ವಿದ್ಯೆ ಅಮೆಚೂರ್ ಅಖಾಡದಲ್ಲಿ ಕಲಿಯಲು ಸಿಗುವುದಿಲ್ಲ.

ಉತ್ತರ (ಮಂಡ್ಯ, ವಕೀಲ)

ಕರಾರುಪತ್ರದ ಬಗ್ಗೆ ಮಾತ್ರ ಹೇಳುತ್ತೇನೆ. ಪಂದ್ಯ ಏರ್ಪಡಿಸುವ ಪ್ರವರ್ತಕರಿಗೆ ಬಾಕ್ಸರ್‌ಗೆ ಕೊಡುವ ಹಣ ಖರ್ಚು; ಬಾಕ್ಸರ್‌ನ ಪರವಾಗಿ ವ್ಯವಹರಿಸುವ ವ್ಯವಸ್ಥಾಪಕರ ಕೆಲಸ ಅದೇ ಹಣವನ್ನು ಹೆಚ್ಚಿಸುವುದು. ಒಬ್ಬರೇ ಎರಡೂ ಸ್ಥಾನದಲ್ಲಿದ್ದರೆ ಹುಡುಗನ ಪರ ಮಾತನಾಡುವವರು ಯಾರೂ ಉಳಿಯುವುದಿಲ್ಲ. ಅಮೆರಿಕದಲ್ಲಿ 2000ದಲ್ಲಿ ಮುಹಮ್ಮದ್ ಅಲಿಯವರ ಹೆಸರಿನಲ್ಲಿ ಬಂದ ಕಾಯ್ದೆ ಈ ಎರಡನ್ನು ಬೇರ್ಪಡಿಸಿದ್ದೂ ಇದೇ ಕಾರಣಕ್ಕೆ. ವರ್ಷಕ್ಕೆ ಕನಿಷ್ಠ ಎಷ್ಟು ಪಂದ್ಯ ಕೊಡುತ್ತಾರೆ, ಗಾಯವಾದರೆ ಚಿಕಿತ್ಸೆಯ ಖರ್ಚು ಯಾರದು, ಪಾಲು ಮುರಿದುಕೊಳ್ಳುವುದು ಖರ್ಚು ಕಳೆಯುವ ಮೊದಲೋ ಆಮೇಲೋ, ಅವಧಿ ತಾನಾಗಿಯೇ ಮುಂದುವರಿಯುವ ಷರತ್ತಿದೆಯೇ ಎಂಬುದನ್ನು ಬರಹದಲ್ಲಿ ಕಾಣದೆ ಸಹಿ ಹಾಕಿಸಬೇಡಿ. ಪಂದ್ಯಗಳ ಖಾತರಿಯಿಲ್ಲದ ಐದು ವರ್ಷ ನನಗೆ ಬಹಳ ದೀರ್ಘವಾಗಿ ಕಾಣುತ್ತದೆ.

ಪ್ರಶ್ನಿಸಿದವರು

ಇಬ್ಬರಿಗೂ ಕೃತಜ್ಞತೆಗಳು. ಒಮ್ಮೆ ಹೋದವರು ಅಮೆಚೂರ್‌ಗೆ ಮರಳಲು ಸಾಧ್ಯವೇ?

ಉತ್ತರ (ಮೈಸೂರು, ತರಬೇತುದಾರ)

ಉದಾಹರಣೆ ಇದೆ. ಭಾರತದ ವಿಕಾಸ್ ಕೃಷನ್ 2019ರ ಜನವರಿಯಲ್ಲಿ ಮೊದಲ ವೃತ್ತಿಪರ ಪಂದ್ಯ ಆಡಿ, ಬಳಿಕ ಮರಳಿ ಟೋಕಿಯೊ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದರು. ಆದರೆ ಅವರು 2010ರಲ್ಲೇ, ನಿಮ್ಮ ತಮ್ಮನ ಇದೇ 60 ಕೆ.ಜಿ.ಯಲ್ಲಿ, ಏಷ್ಯನ್ ಗೇಮ್ಸ್ ಚಿನ್ನ ಗೆದ್ದವರು. ಭಾರತದವರೇ ಆದ ನಿಶಾಂತ್ ದೇವ್ ಕೂಡ ಪ್ಯಾರಿಸ್ ಒಲಿಂಪಿಕ್ಸ್ ಮುಗಿಸಿಯೇ 2025ರಲ್ಲಿ ವೃತ್ತಿಪರರಾದರು. ಹೆಸರು ಸಂಪಾದಿಸಿ ಹೋದವರಿಗೆ ಚೌಕಾಸಿಯ ಬಲವಿರುತ್ತದೆ. ರಾಜ್ಯ ಪದಕದ ಹುಡುಗನನ್ನು ಬೇರೆಯವರ ಗೆಲುವಿನ ಲೆಕ್ಕ ತುಂಬಿಸಲು ಕರೆಯುವುದೂ ಉಂಟು. ಅವನು ಇನ್ನೆರಡು ವರ್ಷ ರಾಷ್ಟ್ರೀಯ ಪಂದ್ಯಗಳಲ್ಲಿ ಆಡಲಿ, ಜೊತೆಗೆ ವಾರಕ್ಕೊಮ್ಮೆ ಆರು ಸುತ್ತಿನ ಸ್ಪಾರಿಂಗ್ ಮಾಡಲಿ ಎಂಬುದು ನನ್ನ ಸಲಹೆ. ಅಲ್ಲಿಯವರೆಗೆ ಅಪ್ಪನವರು ಹೇಳುವ ನೌಕರಿಯ ಬಾಗಿಲೂ ತೆರೆದೇ ಇರುತ್ತದೆ.